ಯಂತ್ರದ ಪಕ್ಕ ನಿಂತವನೇ ಅಪರಾಧಿಯೇ? ಕಾರ್ಖಾನೆಯ ಸಾವು ಮತ್ತು ಕ್ರಿಮಿನಲ್ ಹೊಣೆ

ಪ್ರಶ್ನೆ: ನನ್ನ ಅಣ್ಣ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. 2025ರ ಆಗಸ್ಟ್‌ನಲ್ಲಿ ರಾತ್ರಿ ಪಾಳಿಯಲ್ಲಿ ಮಿಕ್ಸರ್ ಯಂತ್ರವನ್ನು ಸ್ವಚ್ಛಗೊಳಿಸುತ್ತಿದ್ದ ಗುತ್ತಿಗೆ ಕಾರ್ಮಿಕರೊಬ್ಬರು, ಯಂತ್ರ ತಟ್ಟನೆ ತಿರುಗಿದ್ದರಿಂದ ಸ್ಥಳದಲ್ಲೇ ತೀರಿಕೊಂಡರು. ಮುಚ್ಚಳ ತೆರೆದ ಕೂಡಲೇ ಯಂತ್ರ ನಿಲ್ಲುವಂತೆ ಮಾಡುವ ಸುರಕ್ಷತಾ ಸ್ವಿಚ್ ಎರಡು ತಿಂಗಳ ಹಿಂದೆಯೇ ಕೆಟ್ಟಿತ್ತು. ಅದನ್ನು ಬೈಪಾಸ್ ಮಾಡಿ ಯಂತ್ರ ಓಡಿಸುತ್ತಿದ್ದರು. ಅಣ್ಣ ಇದನ್ನು ಪ್ಲಾಂಟ್ ಮ್ಯಾನೇಜರ್‌ಗೆ ಎರಡು ಸಲ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದ್ದ. ‘ಈ ಆರ್ಡರ್ ಮುಗಿಯಲಿ, ಆಮೇಲೆ ನೋಡೋಣ’ ಎಂಬ ಉತ್ತರ ಬಂದಿತ್ತು. ಎಫ್‌ಐಆರ್‌ನಲ್ಲಿ ಈಗ ಅಣ್ಣನ ಹೆಸರೊಂದೇ ಇದೆ; ದೋಷಾರೋಪ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ. ಕೆಲಸ ಹೇಳಿದವನು ಅವನೇ ಆದ್ದರಿಂದ ಹೊಣೆಯೂ ಅವನದೇ ಎನ್ನುತ್ತಾರೆ. ಮ್ಯಾನೇಜರ್, ಡೈರೆಕ್ಟರುಗಳು, ಕಂಪನಿ ಇವರು ಯಾರೂ ಹೊಣೆಗಾರರಲ್ಲವೇ? ಕಾನೂನು ಇದನ್ನು ಹೇಗೆ ತೀರ್ಮಾನಿಸುತ್ತದೆ?

ಉತ್ತರ: ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಎಫ್‌ಐಆರ್‌ನಲ್ಲಿ ಯಾರ ಹೆಸರಿದೆ ಎಂಬುದು ಯಾರು ಅಪರಾಧಿ ಎಂಬ ಪ್ರಶ್ನೆಗೆ ಉತ್ತರವಲ್ಲ. ಅದು ತನಿಖೆಯ ಆರಂಭ ಮಾತ್ರ. ಸಾವು ಸಂಭವಿಸಿದ ರಾತ್ರಿ ಪೊಲೀಸರು ಬಂದಾಗ ಸ್ಥಳದಲ್ಲಿ ಯಾರಿದ್ದರೋ, ಮಹಜರಿನಲ್ಲಿ ಯಾರ ಹೆಸರು ಮೊದಲು ಬಂತೋ ಅವರನ್ನೇ ಆರೋಪಿಯೆಂದು ಬರೆದುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಕಾನೂನು ಕೇಳುವುದು ಬೇರೆಯದೇ ಪ್ರಶ್ನೆಯನ್ನು. ಆ ಅಪಾಯ ಯಾರಿಗೆ ಗೊತ್ತಿತ್ತು, ಅದನ್ನು ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿತ್ತು, ನಿಲ್ಲಿಸುವ ಕರ್ತವ್ಯವನ್ನು ಕಾನೂನು ಯಾರ ಮೇಲೆ ಹೊರಿಸಿತ್ತು? ಈ ಮೂರೂ ಒಬ್ಬನಲ್ಲೇ ಸೇರಿದ್ದರೆ ತೀರ್ಮಾನ ಸುಲಭ. ನಿಮ್ಮ ಅಣ್ಣನ ಪ್ರಕರಣದಲ್ಲಿ ಅವು ಬೇರೆ ಬೇರೆ ಜನರಲ್ಲಿ ಹಂಚಿಹೋಗಿವೆ. ಹೀಗಾಗಿ ಉತ್ತರ ದೀರ್ಘವಾಗುತ್ತದೆ.

ಘಟನೆ ನಡೆದ ದಿನ ಜಾರಿಯಲ್ಲಿದ್ದ ಕಾನೂನೇ ಇಲ್ಲಿ ಅನ್ವಯವಾಗುತ್ತದೆ. ಸಂವಿಧಾನದ 20(1)ನೇ ವಿಧಿ ಇದನ್ನು ಖಚಿತಪಡಿಸಿದೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿರುವುದರಿಂದ, ಹಳೆಯ ದಂಡ ಸಂಹಿತೆಯ 304-ಎ ಕಲಮಿನ ಬದಲು ನ್ಯಾಯ ಸಂಹಿತೆಯ 106(1)ನೇ ಕಲಂ ನಿಮ್ಮ ಅಣ್ಣನಿಗೆ ಅನ್ವಯಿಸುತ್ತದೆ. ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಹಿಂದೆ ಗರಿಷ್ಠ ಎರಡು ವರ್ಷ ಶಿಕ್ಷೆಯಿತ್ತು; ಈಗ ಅದು ಐದು ವರ್ಷ, ಜೊತೆಗೆ ದಂಡ. ಅಪರಾಧ ಜಾಮೀನು ಸಿಗುವಂಥದ್ದೇ. ಇನ್ನು ಕಾರ್ಖಾನೆಯ ಸುರಕ್ಷತೆಯ ವಿಷಯಕ್ಕೆ ಬಂದರೆ, ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಆಗಸ್ಟ್‌ನ ಘಟನೆಗೆ 1948ರ ಕಾರ್ಖಾನೆಗಳ ಕಾಯ್ದೆಯೇ ಅಳತೆಗೋಲು.

ಈಗ ನಿರ್ಲಕ್ಷ್ಯದ ವಿಷಯ. ತಪ್ಪು ನಡೆದ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ. ಪರಿಹಾರ ಕೊಡಿಸಲು ಸಾಕಾಗುವಷ್ಟು ಅಜಾಗರೂಕತೆಗೂ ಜೈಲಿಗೆ ಕಳಿಸುವಷ್ಟು ನಿರ್ಲಕ್ಷ್ಯಕ್ಕೂ ಅಂತರವಿದೆ, ಎರಡನೆಯದು ಘೋರ ಸ್ವರೂಪದ್ದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿತು. ಅದು ವೈದ್ಯರ ಪ್ರಕರಣವಾದರೂ ಆ ವಿವೇಚನೆ ಕ್ರಿಮಿನಲ್ ನಿರ್ಲಕ್ಷ್ಯದ ಇತರ ಪ್ರಕರಣಗಳಿಗೂ ದಾರಿದೀಪವಾಗಿದೆ. ಘೋರ ನಿರ್ಲಕ್ಷ್ಯವಿದ್ದರಷ್ಟೇ ಸಾಲದು. ಆ ನಿರ್ಲಕ್ಷ್ಯವೇ ಸಾವಿಗೆ ನೇರ ಕಾರಣವಾಗಿರಬೇಕು. ‘ನೇರ ಕಾರಣ’ ಎಂಬ ಈ ಎರಡು ಪದಗಳ ಮೇಲೆಯೇ ನಿಮ್ಮ ಅಣ್ಣನ ಪ್ರಕರಣದ ಮುಖ್ಯ ಹೋರಾಟ ನಡೆಯಲಿದೆ.

ಕಂಪನಿಯ ಪರ ವಕೀಲರು ಕೈಗೆತ್ತಿಕೊಳ್ಳುವ ಮೊದಲ ತೀರ್ಪು ಕುರ್ಬಾನ್ ಹುಸೇನ್ ರಂಗವಾಲಾ ಪ್ರಕರಣದ್ದಾಗಿರುತ್ತದೆ. ಮುಂಬಯಿಯ ಬಣ್ಣದ ಕಾರ್ಖಾನೆಯೊಂದರಲ್ಲಿ, ಪರವಾನಗಿಯ ಷರತ್ತಿಗೆ ವಿರುದ್ಧವಾಗಿ, ವಾರ್ನಿಷ್ ಮತ್ತು ಟರ್ಪೆಂಟೈನ್ ದಾಸ್ತಾನಿದ್ದ ಕೋಣೆಯಲ್ಲೇ ಬರ್ನರುಗಳನ್ನು ಹಚ್ಚಿ ಕೆಲಸ ಮಾಡಿಸುತ್ತಿದ್ದರು. ಒಂದು ದಿನ ಒಬ್ಬ ಕೆಲಸಗಾರ ಬಿಸಿ ಮಿಶ್ರಣ ತಣಿಯುವ ಮೊದಲೇ ಟರ್ಪೆಂಟೈನ್ ಸುರಿದ. ಬೆಂಕಿ ಹೊತ್ತಿಕೊಂಡು ಏಳು ಮಂದಿ ಕಾರ್ಮಿಕರು ಸತ್ತರು. ಕಾರ್ಖಾನೆಯ ವ್ಯವಸ್ಥಾಪಕ ಪಾಲುದಾರನನ್ನು 304-ಎ ಅಪರಾಧದಿಂದ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಪಾಯಕಾರಿ ಪರಿಸ್ಥಿತಿಗೆ ಅವಕಾಶ ಕೊಟ್ಟದ್ದು ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದ ಬೇರೊಂದು ಅಪರಾಧವಾಗುತ್ತದೆ. ಆದರೆ ಸಾವಿಗೆ ನೇರ ಕಾರಣ ಟರ್ಪೆಂಟೈನ್ ಸುರಿದ ಕೃತ್ಯ ಎಂಬುದು ನ್ಯಾಯಾಲಯದ ತರ್ಕವಾಗಿತ್ತು. ಈ ತರ್ಕವನ್ನು ನಿಮ್ಮ ಅಣ್ಣನ ಪ್ರಕರಣಕ್ಕೆ ಹೊಂದಿಸಿದರೆ, ‘ಸ್ವಿಚ್ ಕೆಟ್ಟಿದ್ದು ಹಿನ್ನೆಲೆ ಮಾತ್ರ, ವಿದ್ಯುತ್ ಸಂಪರ್ಕ ಕಡಿಯದೆ ಯಂತ್ರಕ್ಕೆ ಕೈಹಾಕಲು ಹೇಳಿದ ಸೂಪರ್‌ವೈಸರನೇ ನೇರ ಕಾರಣ’ ಎಂಬ ವಾದ ಸಿದ್ಧವಾಗುತ್ತದೆ.

ಈ ವಾದಕ್ಕೆ ಗಟ್ಟಿಯಾದ ಉತ್ತರ ದೆಹಲಿಯ ಉಪಹಾರ್ ಚಿತ್ರಮಂದಿರದ ಪ್ರಕರಣದಲ್ಲಿದೆ. 1997ರ ಜೂನ್ 13ರಂದು ಕಟ್ಟಡದ ತಳದಲ್ಲಿದ್ದ ವಿದ್ಯುತ್ ಮಂಡಳಿಯ ಟ್ರಾನ್ಸ್‌ಫಾರ್ಮರ್‌ನಿಂದ ಬೆಂಕಿ ಹುಟ್ಟಿತು. ಹೊಗೆ ಬಾಲ್ಕನಿಗೆ ನುಗ್ಗಿ 59 ಮಂದಿ ಉಸಿರುಗಟ್ಟಿ ಸತ್ತರು. ಬೆಂಕಿ ಟ್ರಾನ್ಸ್‌ಫಾರ್ಮರಿನದು, ಅದರ ದುರಸ್ತಿ ಮಂಡಳಿಯದು, ನಾವು ಕಾರಣರಲ್ಲ ಎಂದು ಮಾಲೀಕರು ವಾದಿಸಿದರು. 2014ರ ಮಾರ್ಚ್‌ನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಜನ ಸತ್ತದ್ದು ಬೆಂಕಿಯಿಂದಲ್ಲ, ಬೇಗ ಹೊರಬರಲಾಗದೆ. ಹೆಚ್ಚುವರಿ ಆಸನಗಳಿಗಾಗಿ ಬಾಲ್ಕನಿಯ ಬಲಬದಿಯ ದಾರಿಯನ್ನು ಮುಚ್ಚಿದ್ದೇ ಆ ಸಾವುಗಳಿಗೆ ಕಾರಣ ಎಂದಿತು. ನಿಮ್ಮ ಅಣ್ಣನ ಕಾರ್ಖಾನೆಯ ಮುಚ್ಚಳದ ಸ್ವಿಚ್ಚು ಆ ಮುಚ್ಚಿದ ದಾರಿಯಂಥದ್ದು ಎಂಬುದು ನನ್ನ ಅಭಿಪ್ರಾಯ. ಮನುಷ್ಯ ಒಂದಲ್ಲ ಒಂದು ದಿನ ತಪ್ಪು ಮಾಡುತ್ತಾನೆ ಎಂದು ಗೊತ್ತಿದ್ದೇ ಆ ಸ್ವಿಚ್ಚನ್ನು ಇಟ್ಟಿರುತ್ತಾರೆ. ತಪ್ಪು ನಡೆದರೂ ಪ್ರಾಣ ಉಳಿಯಲಿ ಎಂದೇ ಇರುವ ರಕ್ಷಣೆಯನ್ನು ತೆಗೆದುಹಾಕಿ, ಆಮೇಲೆ ತಪ್ಪು ಮಾಡಿದವನ ಕಡೆಗೆ ಮಾತ್ರ ಬೆರಳು ತೋರಿಸುವುದು ನ್ಯಾಯವಾಗಲಾರದು.

ಅದೇ ತೀರ್ಪಿನ ಇನ್ನೊಂದು ಅಂಶವೂ ನಿಮಗೆ ಮುಖ್ಯ. ಆ ಮಾಲೀಕ ಸಹೋದರರು ದುರಂತಕ್ಕೆ ಮೊದಲೇ ಕಂಪನಿಯ ನಿರ್ದೇಶಕ ಸ್ಥಾನ ಬಿಟ್ಟಿದ್ದರು. ಆದರೂ ದಿನನಿತ್ಯದ ವ್ಯವಹಾರದ ಮೇಲೆ ಅವರ ಹಿಡಿತ ಮುಂದುವರಿದಿತ್ತೆಂಬುದನ್ನು ದಾಖಲೆಗಳಿಂದ ಕಂಡುಕೊಂಡು ನ್ಯಾಯಾಲಯ ಅವರನ್ನು ಹೊಣೆ ಮಾಡಿತು. ವಿದ್ಯುತ್ ಮಂಡಳಿಯ ಇನ್‌ಸ್ಪೆಕ್ಟರ್ ಮತ್ತು ಅಗ್ನಿಶಾಮಕ ಅಧಿಕಾರಿಯ ಶಿಕ್ಷಾರ್ಹತೆಯೂ ಎತ್ತಿಹಿಡಿಯಲ್ಪಟ್ಟಿತು. ಅಂದರೆ ನ್ಯಾಯಾಲಯ ನೋಡಿದ್ದು ಹುದ್ದೆಯ ಫಲಕವನ್ನಲ್ಲ, ನಿಜವಾದ ನಿಯಂತ್ರಣವನ್ನು.

ಹಾಗೆಂದು ‘ಕಂಪನಿಯಲ್ಲಿ ಸಾವಾದರೆ ಡೈರೆಕ್ಟರುಗಳೆಲ್ಲ ಒಳಗೆ’ ಎಂದು ತಿಳಿಯಬೇಡಿ. ಇಲ್ಲಿ ಎರಡು ಕಾನೂನುಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ನ್ಯಾಯ ಸಂಹಿತೆಯಡಿ ಒಬ್ಬನ ತಪ್ಪಿಗೆ ಇನ್ನೊಬ್ಬ, ಕೇವಲ ಹುದ್ದೆಯ ಕಾರಣಕ್ಕೆ, ಹೊಣೆಯಾಗುವುದಿಲ್ಲ. 2015ರ ಸುನಿಲ್ ಭಾರ್ತಿ ಮಿತ್ತಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಕಂಪನಿಯನ್ನು ನಡೆಸುವ ವ್ಯಕ್ತಿಗಳ ಮನಸ್ಸನ್ನು ಕಂಪನಿಯ ಮನಸ್ಸೆಂದು ತಿಳಿಯಬಹುದು, ಆದರೆ ಕಂಪನಿಯ ತಪ್ಪನ್ನು ತಿರುಗಿಸಿ ನಿರ್ದೇಶಕನ ತಲೆಗೆ ಕಟ್ಟಲಾಗದು, ಆತ ಸ್ವತಃ ವಹಿಸಿದ ಪಾತ್ರಕ್ಕೆ ಸಾಕ್ಷ್ಯ ಬೇಕು, ಇಲ್ಲವೇ ನಿರ್ದಿಷ್ಟ ಕಾನೂನು ಹಾಗೆಂದು ವಿಧಿಸಿರಬೇಕು. ಆದ್ದರಿಂದ 106(1)ರಡಿ ಒಬ್ಬ ಡೈರೆಕ್ಟರನ್ನು ಆರೋಪಿ ಮಾಡಬೇಕಾದರೆ, ಸ್ವಿಚ್ ಕೆಟ್ಟ ವಿಷಯ ಆತನವರೆಗೆ ಹೋಗಿತ್ತು ಅಥವಾ ಬಿಡಿಭಾಗದ ಖರೀದಿಯನ್ನು ಆತನೇ ತಡೆದಿದ್ದ ಎಂಬಂಥ ಆಧಾರ ಬೇಕು. ಕಂಪನಿಯನ್ನು ಆರೋಪಿ ಮಾಡಲು ಅಡ್ಡಿಯಿಲ್ಲ. ಕಂಪನಿಯನ್ನು ಜೈಲಿಗೆ ಹಾಕಲಾಗದ ಕಾರಣ, ಜೈಲು ಕಡ್ಡಾಯವಾದ ಅಪರಾಧದಲ್ಲಿ ಅದನ್ನು ವಿಚಾರಣೆಗೆ ಗುರಿಪಡಿಸಲಾಗದು ಎಂಬ ವಾದವನ್ನು 2005ರಲ್ಲೇ ಸಂವಿಧಾನ ಪೀಠ, ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ, 3:2ರ ಬಹುಮತದಿಂದ ತಳ್ಳಿಹಾಕಿದೆ.

ಕಾರ್ಖಾನೆಗಳ ಕಾಯ್ದೆಯ ದಾರಿ ಬೇರೆ. ಅಲ್ಲಿ ಹುದ್ದೆಯೇ ಹೊಣೆಯನ್ನು ತರುತ್ತದೆ. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ, ಈ ಕಾಯ್ದೆಗೆ ದೊಡ್ಡ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ಕಂಪನಿಗಳು ಯಾವನೋ ಕೆಳಹಂತದ ನೌಕರನನ್ನು ಕಾರ್ಖಾನೆಯ ‘ಅಧಿಭೋಗದಾರ’ (ಕಾರ್ಖಾನೆಯ ವ್ಯವಹಾರದ ಮೇಲೆ ಅಂತಿಮ ನಿಯಂತ್ರಣ ಇರುವವ) ಎಂದು ಹೆಸರಿಸಿ, ಮೊಕದ್ದಮೆ ಬಂದಾಗ ಅವನನ್ನು ಮುಂದೆ ತಳ್ಳಿ, ತಾವು ಹಿಂದೆ ನಿಲ್ಲುವುದಿತ್ತು. ತಿದ್ದುಪಡಿಯ ಪ್ರಕಾರ ಕಂಪನಿಯ ಕಾರ್ಖಾನೆಗೆ ನಿರ್ದೇಶಕರಲ್ಲೊಬ್ಬರೇ ಅಧಿಭೋಗದಾರ. 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ನೌಕರನನ್ನೋ ಅಧಿಕಾರಿಯನ್ನೋ ಆ ಸ್ಥಾನಕ್ಕೆ ಹೆಸರಿಸುವಂತಿಲ್ಲ ಎಂದಿತು. ಯಂತ್ರದ ಅಪಾಯಕಾರಿ ಭಾಗಗಳಿಗೆ ತಡೆ ಇರಬೇಕೆಂಬ 21ನೇ ಕಲಂ ಉಲ್ಲಂಘನೆಯಾದರೆ, 92ನೇ ಕಲಮಿನಡಿ ಅಧಿಭೋಗದಾರ ಮತ್ತು ಮ್ಯಾನೇಜರ್ ಇಬ್ಬರೂ ಹೊಣೆ. ‘ನನಗೆ ಗೊತ್ತಿರಲಿಲ್ಲ’ ಎಂದರೆ ಅಲ್ಲಿ ಸಾಲದು, ಏಕೆಂದರೆ ದುರುದ್ದೇಶವನ್ನು ಸಾಬೀತುಪಡಿಸುವ ಅಗತ್ಯವೇ ಇಲ್ಲ. ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕನೂ ಈ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನೇ. ‘ಅವನು ನಮ್ಮವನಲ್ಲ, ಕಂಟ್ರಾಕ್ಟರ್ ಕಡೆಯವನು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹೊಸ ಸಂಹಿತೆಯೂ ನಿರ್ದೇಶಕನೇ ಅಧಿಭೋಗದಾರ ಎಂಬುದನ್ನು ಉಳಿಸಿಕೊಂಡಿದೆ, ಆದರೆ ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದೆ. ಸಾವು ಎಷ್ಟೋ ಸಲ ಚಿಕ್ಕ ಶೆಡ್ಡುಗಳಲ್ಲೇ ಸಂಭವಿಸುತ್ತದೆಂಬುದನ್ನು ನೆನೆದಾಗ ಈ ಬದಲಾವಣೆ ನನ್ನನ್ನು ಚಿಂತೆಗೀಡುಮಾಡುತ್ತದೆ.

ಈ ಕಾಯ್ದೆಯ 101ನೇ ಕಲಮಿನ ಬಗ್ಗೆ ನಿಮ್ಮ ಅಣ್ಣ ಎಚ್ಚರದಿಂದಿರಬೇಕು. ಅಧಿಭೋಗದಾರ ಅಥವಾ ಮ್ಯಾನೇಜರ್, ‘ನಿಜವಾದ ತಪ್ಪಿತಸ್ಥ ಬೇರೊಬ್ಬ’ ಎಂದು ದೂರು ಸಲ್ಲಿಸಿ, ಆ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತಂದು, ತಾನು ಎಲ್ಲ ಎಚ್ಚರ ವಹಿಸಿದ್ದೆ ಮತ್ತು ಉಲ್ಲಂಘನೆ ತನ್ನ ಅರಿವಿಲ್ಲದೆ, ಒಪ್ಪಿಗೆಯಿಲ್ಲದೆ ನಡೆಯಿತು ಎಂದು ಸಾಬೀತುಮಾಡಿದರೆ ಪಾರಾಗಬಹುದು. ಹಾಗೆ ತೋರಿಸಲು ಸುಲಭವಾಗಿ ಸಿಗುವ ಹೆಸರು ಶಿಫ್ಟ್ ಸೂಪರ್‌ವೈಸರಿನದು. ಆದರೆ ‘ಆರ್ಡರ್ ಮುಗಿಯಲಿ’ ಎಂಬ ಆ ಒಂದು ಸಾಲಿನ ಉತ್ತರ ಇರುವವರೆಗೆ ಮ್ಯಾನೇಜರ್‌ಗೆ ಈ ಬಾಗಿಲು ತೆರೆಯುವುದು ಬಹಳ ಕಷ್ಟ.

ಇಷ್ಟು ಹೇಳಿದ ಮೇಲೆ ನಿಮಗೆ ಹಿತವಾಗದ ಮಾತನ್ನೂ ಹೇಳಬೇಕು. ಆ ಸಂದೇಶಗಳು ಎರಡು ಅಲುಗಿನ ಕತ್ತಿ. ಅಪಾಯ ಮ್ಯಾನೇಜರ್‌ಗೆ ಗೊತ್ತಿತ್ತು ಎಂದು ಅವು ತೋರಿಸುವಂತೆಯೇ, ನಿಮ್ಮ ಅಣ್ಣನಿಗೂ ಗೊತ್ತಿತ್ತು ಎಂದು ತೋರಿಸುತ್ತವೆ. ಗೊತ್ತಿದ್ದೂ ಆ ರಾತ್ರಿ ಒಬ್ಬನನ್ನು ಯಂತ್ರದೊಳಕ್ಕೆ ಕೈಹಾಕಲು ಏಕೆ ಕಳಿಸಿದಿರಿ ಎಂದು ಸರ್ಕಾರಿ ಅಭಿಯೋಜಕರು ಕೇಳಿಯೇ ಕೇಳುತ್ತಾರೆ. ಮೇಲಿನವರು ಹೇಳಿದ್ದರು ಎಂಬುದು ಪೂರ್ಣ ಉತ್ತರವಾಗುವುದಿಲ್ಲ. ಬಲವಂತಕ್ಕೆ ಒಳಗಾಗಿ ಮಾಡಿದ ಕೃತ್ಯಕ್ಕೆ ನ್ಯಾಯ ಸಂಹಿತೆಯ 32ನೇ ಕಲಂ ಕೊಡುವ ರಕ್ಷಣೆ, ತಕ್ಷಣದ ಪ್ರಾಣಬೆದರಿಕೆ ಇದ್ದಾಗ ಮಾತ್ರ ಸಿಗುತ್ತದೆ. ಕೆಲಸ ಹೋದೀತೆಂಬ ಭಯ, ಅದೆಷ್ಟೇ ನಿಜವಾಗಿರಲಿ, ಅದರೊಳಗೆ ಬರುವುದಿಲ್ಲ. ಹಾಗಾಗಿ ವಿಚಾರಣೆಯಲ್ಲಿ ನಿರ್ಣಾಯಕವಾಗುವುದು ಸಣ್ಣ ಸಣ್ಣ ವಿವರಗಳು. ಮೇನ್ ಸ್ವಿಚ್ ಆರಿಸಿ ಸ್ವಚ್ಛ ಮಾಡಿ ಎಂದು ಅಣ್ಣ ಹೇಳಿದ್ದನೇ? ಯಂತ್ರವನ್ನು ಚಾಲೂ ಮಾಡಿದವರು ಯಾರು? ಯಂತ್ರವನ್ನು ಪೂರ್ತಿ ನಿಲ್ಲಿಸಿಡುವ ಅಧಿಕಾರ ಅವನಿಗಿತ್ತೇ, ಅಥವಾ ಅದಕ್ಕೆ ಮ್ಯಾನೇಜರ್ ಅನುಮತಿ ಬೇಕಿತ್ತೇ? ಹಿಂದೆ ಯಾರಾದರೂ ಯಂತ್ರ ನಿಲ್ಲಿಸಿ ಬೈಸಿಕೊಂಡದ್ದುಂಟೇ? ಸ್ವಿಚ್ಚನ್ನು ಬೈಪಾಸ್ ಮಾಡಿದ ಎಲೆಕ್ಟ್ರಿಷಿಯನ್‌ಗೆ ಆದೇಶ ಕೊಟ್ಟವರು ಯಾರು?

ಅಣ್ಣನ ಪರವಾಗಿ ನೆನೆಯಬೇಕಾದ ಹಳೆಯ ತೀರ್ಪೊಂದಿದೆ. ಗುಜರಾತಿನ ಔಷಧ ತಯಾರಿಕಾ ಘಟಕವೊಂದರಲ್ಲಿ ಗ್ಲೂಕೋಸ್ ಸಲೈನ್‌ನಲ್ಲಿ ಸೀಸದ ನೈಟ್ರೇಟ್ ಸೇರಿ ರೋಗಿಗಳು ಸತ್ತಾಗ, ಅಂಬಾಲಾಲ್ ಭಟ್ ಎಂಬ ರಸಾಯನತಜ್ಞ ಬ್ಯಾಚ್ ಸಂಖ್ಯೆಯ ನಿಯಮ ಪಾಲಿಸಲಿಲ್ಲವೆಂದು ಶಿಕ್ಷೆಗೊಳಗಾದ. 1972ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆಗೊಳಿಸಿತು. ಇಡೀ ಸಂಸ್ಥೆಯಲ್ಲಿ ನಡೆದುಬಂದ ಪದ್ಧತಿಯ ಭಾರವನ್ನೆಲ್ಲ ಸರಪಳಿಯ ಒಂದು ಕೊಂಡಿಯ ಮೇಲೆ ಹೇರಲಾಗದು ಎಂಬುದು ಆ ತೀರ್ಪಿನಿಂದ ನಾನು ಗ್ರಹಿಸುವ ಅರ್ಥ. ಬೈಪಾಸ್ ಮಾಡಿ ಓಡಿಸುವುದು ಎಲ್ಲ ಪಾಳಿಗಳಲ್ಲೂ ಎರಡು ತಿಂಗಳಿನಿಂದ ನಡೆದಿತ್ತೆಂದು ತೋರಿಸಲು ಸಾಧ್ಯವಾದರೆ ಈ ತೀರ್ಪು ನಿಮ್ಮ ನೆರವಿಗೆ ಬರುತ್ತದೆ.

ಅಪಾಯ ಗೊತ್ತಿತ್ತು ಎಂಬ ಕಾರಣಕ್ಕೇ ಪ್ರಕರಣ ಕೊಲೆಯಲ್ಲದ ನರಹತ್ಯೆಯ 105ನೇ ಕಲಮಿಗೆ ಏರಿಬಿಡುವುದೇ ಎಂಬ ಭಯ ನಿಮಗಿದ್ದರೆ, ಅದಕ್ಕೆ ಭೋಪಾಲದ ಉದಾಹರಣೆಯಿದೆ. 1984ರ ಡಿಸೆಂಬರ್ 2ರ ರಾತ್ರಿಯ ಅನಿಲ ಸೋರಿಕೆಯಲ್ಲಿ, ಸ್ಥಾವರ ಸುಸ್ಥಿತಿಯಲ್ಲಿಲ್ಲವೆಂದು ಆರೋಪಿಗಳಿಗೆ ಗೊತ್ತಿದ್ದರೂ, ಆ ರಾತ್ರಿ ಜನ ಸಾಯುವ ಸಂಭವವಿದೆ ಎಂಬ ನಿರ್ದಿಷ್ಟ ಅರಿವಿಗೆ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ನರಹತ್ಯೆಯ ಆರೋಪವನ್ನು 304-ಎಗೆ ಇಳಿಸಿತು. ಸಾವಿರಾರು ಜನರ ಸಾವಿಗೆ ಗರಿಷ್ಠ ಎರಡು ವರ್ಷ ಎಂಬ ಆ ಅಳತೆಯನ್ನು ಒಪ್ಪಿಕೊಳ್ಳಲು ನನಗೆ ಇಂದಿಗೂ ಸಾಧ್ಯವಾಗಿಲ್ಲ. ಆದರೆ 2010ರ ಜೂನ್ 7ರಂದು ಭೋಪಾಲದ ನ್ಯಾಯಾಲಯ ಶಿಕ್ಷೆ ವಿಧಿಸಿದಾಗ ಆ ಪಟ್ಟಿಯಲ್ಲಿ ಯಾರಿದ್ದರು ಎಂಬುದನ್ನು ಗಮನಿಸಿ: ಭಾರತೀಯ ಕಂಪನಿಯ ಅಧ್ಯಕ್ಷರಿಂದ ಹಿಡಿದು ವ್ಯವಸ್ಥಾಪಕ ನಿರ್ದೇಶಕ, ವರ್ಕ್ಸ್ ಮ್ಯಾನೇಜರ್, ಪ್ಲಾಂಟ್ ಸೂಪರಿಂಟೆಂಡೆಂಟ್, ಉತ್ಪಾದನಾ ಸಹಾಯಕನವರೆಗೆ ಎಲ್ಲರೂ, ಜೊತೆಗೆ ಕಂಪನಿಯೂ ಇತ್ತು. ಸರಪಳಿಯ ಮೇಲ್ತುದಿಯನ್ನು ಮುಟ್ಟಲು ಕಾನೂನಿಗೆ ಅಡ್ಡಿಯಿಲ್ಲ. ಅಲ್ಲಿಯವರೆಗೆ ತನಿಖೆ ಹೋಗಬೇಕು, ಅಷ್ಟೇ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಆ ವಾಟ್ಸ್‌ಆ್ಯಪ್ ಸಂದೇಶಗಳನ್ನು ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ತನಿಖಾಧಿಕಾರಿಗೆ, ವಕೀಲರ ಮೂಲಕ, ಲಿಖಿತವಾಗಿ, ಸ್ವೀಕೃತಿ ಪಡೆದು ಕೊಡಬೇಕೆಂಬುದು ನನ್ನ ಸಲಹೆ. ಆರೋಪ ನಿಗದಿಯ ಹಂತದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ಪೊಲೀಸರು ಸಲ್ಲಿಸಿದ ದಾಖಲೆಗಳನ್ನು ಮಾತ್ರ ನೋಡುತ್ತದೆ, ಆರೋಪಿಯ ದಾಖಲೆಗಳನ್ನಲ್ಲ. 2004ರ ದೇವೇಂದ್ರನಾಥ ಪಾಧಿ ತೀರ್ಪು ಇದನ್ನು ಹೇಳಿದೆ. ಈಗ ಕಡತಕ್ಕೆ ಸೇರದ ಸಂದೇಶವನ್ನು ತೋರಿಸಲು ಬಹುಶಃ ವಿಚಾರಣೆಯವರೆಗೆ, ಅಂದರೆ ವರ್ಷಗಟ್ಟಲೆ, ಕಾಯಬೇಕಾದೀತು. ಅದು ಅಣ್ಣನ ಅರಿವನ್ನೂ ಬಯಲು ಮಾಡುತ್ತದೆಂಬ ಅಪಾಯವನ್ನು ತೂಗಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಆದರೆ ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯಬೇಕೆಂಬ ಒತ್ತಾಯ ಯಾರ ಮೇಲೂ ಇಲ್ಲದಿರುವುದರಿಂದ, ಕೊನೆಯ ತೀರ್ಮಾನ ಕಡತ ಓದಿದ ವಕೀಲರೊಂದಿಗೆ ಕುಳಿತು ಅಣ್ಣನೇ ಮಾಡಬೇಕು.

ಆ ವಕೀಲರು ಕಂಪನಿಯವರಾಗಿರಬಾರದು. ‘ನಮ್ಮ ವಕೀಲರೇ ನೋಡಿಕೊಳ್ಳುತ್ತಾರೆ, ಖರ್ಚು ನಮ್ಮದು’ ಎಂಬ ಮಾತು ಇಷ್ಟರಲ್ಲೇ ಬಂದಿರಬಹುದು. ಮ್ಯಾನೇಜರ್‌ನ ಹಿತವೂ ಅಣ್ಣನ ಹಿತವೂ ಇಲ್ಲಿ ಎದುರುಬದುರು ನಿಂತಿರುವಾಗ ಒಬ್ಬರೇ ಇಬ್ಬರ ಪರವಾಗಿ ನಿಲ್ಲಲಾಗದು. ‘ಆ ದಿನ ನಾನೇ ಸೂಚನೆ ಕೊಟ್ಟಿದ್ದೆ’ ಎಂಬರ್ಥದ ಯಾವ ಕಾಗದಕ್ಕೂ, ಆಂತರಿಕ ವಿಚಾರಣೆಯ ಹೆಸರಿನಲ್ಲಾದರೂ, ಓದದೆ ಸಹಿ ಹಾಕಬಾರದು. ಮೃತರ ಕುಟುಂಬಕ್ಕೆ ಹಣ ಕೊಟ್ಟರೆ ಕೇಸು ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ರಾಜಿಯಾಗುವ ಅಪರಾಧವಲ್ಲ. ಆ ಕುಟುಂಬಕ್ಕೆ ಇಎಸ್‌ಐ ಅಥವಾ ನೌಕರರ ಪರಿಹಾರ ಕಾಯ್ದೆಯಡಿ ಬರಬೇಕಾದದ್ದು ಅವರ ಹಕ್ಕು. ಅದು ಯಾರ ತಪ್ಪು ಎಂಬ ತೀರ್ಮಾನಕ್ಕೆ ಕಾಯಬೇಕಾಗಿಲ್ಲ.

ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯವರು ಸ್ಥಳ ಪರಿಶೀಲಿಸಿ ವರದಿ ಬರೆದಿದ್ದರೆ ಅದರ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಕಾರ್ಖಾನೆ ಕಾಯ್ದೆಯ ಮೊಕದ್ದಮೆಯನ್ನು ಇನ್‌ಸ್ಪೆಕ್ಟರ್ ಅಥವಾ ಅವರ ಲಿಖಿತ ಅನುಮತಿ ಪಡೆದವರು ಮಾತ್ರ, ವಿಷಯ ಅವರ ಗಮನಕ್ಕೆ ಬಂದ ಮೂರು ತಿಂಗಳೊಳಗೆ, ಹೂಡಬೇಕು. ಅಧಿಭೋಗದಾರ ಮತ್ತು ಮ್ಯಾನೇಜರ್ ವಿರುದ್ಧ ಅಂಥ ದೂರು ದಾಖಲಾಗಿದೆಯೇ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ದೋಷಾರೋಪ ಪಟ್ಟಿಯಲ್ಲೂ ಅಣ್ಣನ ಹೆಸರೊಂದೇ ಬಂದರೆ ದಾರಿಗಳು ಮುಚ್ಚುವುದಿಲ್ಲ. ಐದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದ್ದರಿಂದ, ದಾಖಲೆಗಳ ಪ್ರತಿ ಸಿಕ್ಕ 60 ದಿನಗಳೊಳಗೆ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದದ್ದು) 262ನೇ ಕಲಮಿನಡಿ, ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ ಕೋರಬಹುದು. ಪ್ರಕರಣ ರದ್ದುಪಡಿಸುವಂತೆ ಕೋರಿ 528ರಡಿ ಹೈಕೋರ್ಟಿಗೂ ಹೋಗಬಹುದು. ವಿಚಾರಣೆಯಲ್ಲಿ ಸಾಕ್ಷ್ಯ ಬಂದ ಮೇಲೆ, ಇನ್ನೊಬ್ಬರೂ ಅಪರಾಧವೆಸಗಿದ್ದಾರೆಂದು ಕಂಡರೆ ಅವರನ್ನು ಆರೋಪಿಗಳ ಸಾಲಿಗೆ ಸೇರಿಸುವ ಅಧಿಕಾರ 358ನೇ ಕಲಮಿನಡಿ ನ್ಯಾಯಾಲಯಕ್ಕಿದೆ. ಆದರೆ ಮೇಲ್ನೋಟದ ಸಾಕ್ಷ್ಯಕ್ಕಿಂತ ಬಲವಾದ ಸಾಕ್ಷ್ಯ ಬೇಕೆಂದು 2014ರ ಹರ್‌ದೀಪ್ ಸಿಂಗ್ ತೀರ್ಪು ಹೇಳಿರುವುದರಿಂದ, ಅದನ್ನೇ ನಂಬಿ ಕೂರುವುದಕ್ಕಿಂತ ತನಿಖೆಯ ಈ ಹಂತದಲ್ಲೇ ಕೆಲಸ ಮಾಡುವುದು ಲೇಸು.

ಕೊನೆಯದಾಗಿ, ಆ ಫೋನನ್ನು ಅಣ್ಣ ಮಾರಬಾರದು, ರೀಸೆಟ್ ಮಾಡಬಾರದು, ಒಂದು ಸಂದೇಶವನ್ನೂ ಅಳಿಸಬಾರದು. ತನಗೆ ಪ್ರತಿಕೂಲವೆನಿಸಿದ್ದನ್ನಂತೂ ಖಂಡಿತ ಅಳಿಸಬಾರದು. ಸ್ಕ್ರೀನ್‌ಶಾಟ್ ಸಾಲದು. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನು, ಹ್ಯಾಶ್ ಮೌಲ್ಯದೊಂದಿಗೆ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು), ಮೂಲ ಫೋನಿನಿಂದಲೇ ಸಿದ್ಧಪಡಿಸಬೇಕು. ಇದನ್ನು ಈ ವಾರವೇ ಮಾಡಿಸಿ.